ಚಿಕ್ಕಗಂಗಮ್ಮ ಮಾತ್ರೆ ದಾಸ್ತಾನು ಮಾಡಿದ್ದು

ಒಳಗಿನ ಕೊಬ್ಬರಿ ಹೇಗಿದೆ ಅಂತ ಕಾಯಿ ಒಡೆಯದೆ ಹೇಳುವವರು ತಿಪಟೂರು ಸೀಮೆಯಲ್ಲಿ ಸಾವಿರ ಜನ ಇದ್ದಾರೆ. ಹೇಳಿದ್ದು ನಿಜವಾಗುವವರು ಹತ್ತು ಜನ. ಆ ಹತ್ತರಲ್ಲಿ ಹೊನ್ನವಳ್ಳಿಯ ಚಿಕ್ಕಗಂಗಮ್ಮ ಒಬ್ಬಳು. ಉಳಿದ ಒಂಬತ್ತು ಜನ ಯಾರು ಅಂತ ಕೇಳಿದರೆ ಅವಳಿಗೆ ಯಾರ ಹೆಸರೂ ನೆನಪಾಗುವುದಿಲ್ಲ.

ಅವಳ ಕೆಲಸ ಹೀಗೆ. ಅಟ್ಟದ ಮೇಲೆ ವರ್ಷೊಪ್ಪತ್ತು ಕೂತು ಒಣಗಿದ ಕಾಯಿಯ ಸಿಪ್ಪೆಯನ್ನು ಗಂಡಸರು ಸುಲಿದು ಗುಡ್ಡೆ ಹಾಕುತ್ತಾರೆ. ಅದಕ್ಕೆ ರಟ್ಟೆಯಿದ್ದರೆ ಸಾಕು. ಆಮೇಲಿನದಕ್ಕೆ ತಲೆ ಬೇಕು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಅಂದರೆ ನೀರು ಇನ್ನೂ ಇಂಗಿಲ್ಲ, ವಾಪಸ್ಸು ಅಟ್ಟಕ್ಕೆ. ಗಟಗಟ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ. ಆಗ ಎಡಗೈಯಲ್ಲಿ ಕಾಯಿ ತಿರುಗಿಸುತ್ತ ಬಲಗೈಯ ಮಚ್ಚಿನಿಂದ ಮೂರು ಏಟು. ಚಿಪ್ಪು ಬಿಚ್ಚಿಕೊಂಡು ಕೊಬ್ಬರಿ ಇಡೀ ಉಂಡೆಯಾಗಿ ಅಂಗೈಗೆ ಬಂದು ಕೂತರೆ ಅದು ಗಿಟುಕು. ಏಟು ಒಂದು ಕೂದಲೆಳೆ ಜಾಸ್ತಿಯಾಗಿ ಒಡೆದರೆ ಅದು ಹೋಳು. ಗಿಟುಕಿಗೂ ಹೋಳಿಗೂ ಇರುವ ವ್ಯತ್ಯಾಸ ಮದುವೆ ಹೆಣ್ಣಿಗೂ ಮದುವೆ ಮನೆಯ ಎಂಜಲೆಲೆಗೂ ಇರುವಷ್ಟು. ಚಿಕ್ಕಗಂಗಮ್ಮನ ಕೈಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಗಿಟುಕು. ಅರವತ್ತಾರು ವರ್ಷದ ಆ ಬಲಗೈ ಎತ್ತಿದಷ್ಟೇ ಇಳಿಯುತ್ತಿತ್ತು, ಇಳಿಯಬೇಕಾದಲ್ಲೇ ಇಳಿಯುತ್ತಿತ್ತು.

ಅಂಥವಳ ಎದೆ ತಾಳ ತಪ್ಪಿದೆ ಅಂತ ಕಂಡುಹಿಡಿದದ್ದು ಅವಳ ಸೊಸೆ ರಾಧಾಮಣಿ. ರಾಧಾಮಣಿ ಊರಿನ ಆಶಾ ಕಾರ್ಯಕರ್ತೆ. ಬಿ.ಪಿ. ನೋಡುವ ಹೊಸ ಮೆಷಿನ್ ಬಂದಾಗ ಅದನ್ನು ಊರವರ ಮೇಲೆ ಪ್ರಯೋಗಿಸುವ ಮೊದಲು ಅತ್ತೆಯ ತೋಳಿಗೆ ಸುತ್ತಿ ನೋಡಿದಳು. ಸೊಸೆಯರಿಗೆ ಇಂಥ ಅವಕಾಶ ದಿನಾ ಸಿಗುವುದಿಲ್ಲ. ಮೆಷಿನ್ನು ಉಸ್ ಅಂತ ಇಳಿದು ಅಂಕಿ ತೋರಿಸಿತು, ಜೊತೆಗೆ ಮೂಲೆಯಲ್ಲಿ ಒಂದು ಹೃದಯದ ಗುರುತು ಮಿನುಗಿತು.

"ಅತ್ತೆ, ಇನ್ನೊಂದ್ಸಲ ಹಾಕ್ತೀನಿ. ಬಡಿತ ಸರಿ ಇಲ್ಲ ಅಂತ ತೋರಿಸ್ತಾ ಐತೆ."

"ನಿನ್ ಮೆಷಿನ್ನೇ ಸರಿ ಇಲ್ಲ ಬುಡು."

ಮೂರು ಸಲ ಹಾಕಿದರೂ ಗುರುತು ಮಿನುಗುವುದು ನಿಲ್ಲಲಿಲ್ಲ. ಸೊಸೆ ಅತ್ತ ಹೋದ ಮೇಲೆ ಚಿಕ್ಕಗಂಗಮ್ಮ ತನ್ನ ಮಣಿಕಟ್ಟಿಗೆ ತಾನೇ ಬೆರಳಿಟ್ಟಳು. ಕಾಯಿ ಕೇಳುವಂತೆ ಕತ್ತು ವಾಲಿಸಿ ಗಮನವಿಟ್ಟಳು. ಗುಟ್. ಗುಟ್ ಗುಟ್ಗುಟ್. ಒಂದು ಕ್ಷಣ ಏನೂ ಇಲ್ಲ. ಮತ್ತೆ ಗುಟ್. ನಲವತ್ತು ವರ್ಷ ಸದ್ದಿನಲ್ಲೇ ಸರಕು ಅಳೆದವಳು ಅವಳು. ಇಂಥ ಸದ್ದಿನ ಕಾಯಿ ಕೈಗೆ ಬಂದಿದ್ದರೆ ಮಾತಾಡದೆ ಪಕ್ಕಕ್ಕೆ ಎಸೆಯುತ್ತಿದ್ದಳು. ಮಾರನೆಯ ದಿನ ಸೊಸೆ ಕರೆಯುವ ಮೊದಲೇ ಸೀರೆ ಉಟ್ಟು ಬಸ್ಸಿಗೆ ನಿಂತಿದ್ದಳು.

ತಿಪಟೂರಿನಲ್ಲಿ ಡಾಕ್ಟರು ಗಿರಿಜಾಂಬಿಕಾ ಇ.ಸಿ.ಜಿ. ಮಾಡಿಸಿದರು, ಎಕೋ ಮಾಡಿಸಿದರು, ರಕ್ತ ತೆಗೆಸಿದರು. ರಾಧಾಮಣಿ ರಿಪೋರ್ಟು ಇಸಿದುಕೊಳ್ಳಲು ಕ್ಯೂನಲ್ಲಿ ನಿಂತಿದ್ದಾಗ ಡಾಕ್ಟರು ಚಿಕ್ಕಗಂಗಮ್ಮನನ್ನು ಎದುರಿಗೆ ಕೂರಿಸಿಕೊಂಡು ವಿಷಯ ಹೇಳಿದರು.

"ಹೃದಯದ ಮೇಲಿನ ಎರಡು ಕೋಣೆ ಸರಿಯಾಗಿ ಹಿಂಡೋದು ಬಿಟ್ಟು ಸುಮ್ನೆ ನಡುಗ್ತಾ ಇವೆ ಅಮ್ಮ. ಹಿಂಡದೆ ಹೋದ್ರೆ ರಕ್ತ ಮೂಲೇಲಿ ನಿಲ್ಲುತ್ತೆ. ನಿಂತದ್ದು ಹೆಪ್ಪಾಗುತ್ತೆ. ಆ ಹೆಪ್ಪಿನ ಒಂದು ಚೂರು ಕಿತ್ಕೊಂಡು ಮೆದುಳಿಗೆ ಹೋದ್ರೆ ಲಕ್ವ."

"ಯಾವ ಕೈಗೆ?"

"ಯಾವುದಕ್ಕಾದ್ರೂ ಆಗಬಹುದು."

"ಬಲಗೈಗೂ?"

"ಬಲಗೈಗೂ ಆಗಬಹುದು. ಮಾತೂ ಹೋಗಬಹುದು."

ಚಿಕ್ಕಗಂಗಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಯಾರೋ ಕೇಳಲು ಬಂದಿದ್ದಾರೆ ಅನ್ನುವ ಹಾಗೆ.

"ಗಾಬರಿ ಬೇಡ. ಬರದ ಹಾಗೆ ತಡೆಯೋಕೆ ಔಷಧಿ ಇದೆ. ಹಿಂದೆ ಇದಕ್ಕೆ ಒಂದೇ ಒಂದು ಹಳೇ ಮಾತ್ರೆ ಇತ್ತು. ತಿಂಗಳು ತಿಂಗಳು ಸೂಜಿ ಚುಚ್ಚಿಸ್ಕೊಂಡು ರಕ್ತ ನೋಡಿಸ್ಬೇಕು, ಇವತ್ತು ಒಂದು ಹಿಡಿ ಸೊಪ್ಪು ನಾಳೆ ಒಂದು ಕಂತೆ ಸೊಪ್ಪು ಅಂತ ತಿನ್ನೋ ಹಾಗಿಲ್ಲ."

"ಬಸ್ಸಾರು ಬುಡ್ಬೇಕಾ?"

"ಬಿಡಬೇಡಿ. ಈಗ ಹೊಸ ಮಾತ್ರೆ ಬಂದಿದೆ. ಬೆಳಿಗ್ಗೆ ಎಂಟಕ್ಕೆ ಒಂದು, ಸಂಜೆ ಎಂಟಕ್ಕೆ ಒಂದು. ಬಸ್ಸಾರು ಎಷ್ಟಾದರೂ ಉಣ್ಣಿ. ವರ್ಷಕ್ಕೆ ಒಂದೆರಡು ಸಲ ಕಿಡ್ನಿ ಹೇಗಿದೆ ಅಂತ ನೋಡ್ತೀವಿ, ಅಷ್ಟೆ. ಹೃದಯದ ವಾಲ್ವ್ ಕಿರಿದಾಗಿರೋರಿಗೆ, ಲೋಹದ ವಾಲ್ವ್ ಹಾಕಿಸ್ಕೊಂಡೋರಿಗೆ ಇದು ಆಗಲ್ಲ, ಅವರಿಗೆ ಹಳೇದೇ ಗತಿ. ನಿಮ್ಮ ವಾಲ್ವ್ ಗಟ್ಟಿ ಇದೆ." ಬರೆಯುತ್ತ ಬರೆಯುತ್ತ ಡಾಕ್ಟರು ಕೇಳಿದರು, "ಏನು ಕೆಲಸ ಮಾಡ್ತೀರಿ?"

"ಕುಂತ್ಕಂಡು ಮಾಡೋ ಕೆಲಸ" ಅಂದಳು ಚಿಕ್ಕಗಂಗಮ್ಮ.

ಮಾತು ಸುಳ್ಳಲ್ಲ. ಕೂತುಕೊಂಡೇ ಮಾಡುವ ಕೆಲಸ. ಮಚ್ಚಿನ ವಿಷಯ ಡಾಕ್ಟರು ಕೇಳಲಿಲ್ಲ, ಅವಳು ಹೇಳಲಿಲ್ಲ. ಕೇಳದ ತೂಕವನ್ನು ತಾನಾಗಿ ಹೇಳುವ ಪದ್ಧತಿ ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ.

ಮಾತ್ರೆಗೆ ಮೊದಮೊದಲು ಬಂಗಾರದ ಬೆಲೆ ಇತ್ತಂತೆ. ಆಮೇಲೆ ಹತ್ತಾರು ಕಂಪನಿಯವರು ಮಾಡಲು ಶುರುಮಾಡಿ ಇಳಿದಿತ್ತು. ಆ ವರ್ಷ ತಿಪಟೂರು ಪೇಟೆಯಲ್ಲಿ ಇಳಿದ ಸರಕು ಅದೊಂದೇ. ಕೊಬ್ಬರಿಯ ಬೆಲೆ ಯಾರೂ ಕಂಡು ಕೇಳದ ಎತ್ತರಕ್ಕೆ ಏರಿತ್ತು. ಪ್ರತಿ ಹರಾಜಿನಲ್ಲೂ ಹಿಂದಿನದನ್ನು ಮೀರಿಸಿದ ಕೂಗು. ಹೆಂಡತಿಗೂ ತೋರಿಸದೆ ಅಟ್ಟದಲ್ಲಿ ಇಟ್ಟುಕೊಂಡಿದ್ದ ಕಾಯಿಯನ್ನು ಗಂಡಸರು ದಡಬಡ ಇಳಿಸುತ್ತಿದ್ದರು. ಗಂಡನಿಗೆ ತೋರಿಸದೆ ಇಟ್ಟುಕೊಂಡಿದ್ದನ್ನು ಹೆಂಗಸರು ಇಳಿಸುತ್ತಿದ್ದರು. ಕಾಯಿ ಇತ್ತು, ಬೆಲೆ ಇತ್ತು, ಲಾರಿ ಇತ್ತು. ಇಲ್ಲದ್ದು ಗಿಟುಕು ತೆಗೆಯುವ ಕೈ. ಚಿಕ್ಕಗಂಗಮ್ಮನ ಬಾಗಿಲಿಗೆ ಬೆಳಿಗ್ಗೆ ಆರಕ್ಕೇ ಜನ ಬಂದು ನಿಲ್ಲುತ್ತಿದ್ದರು, ಜಾತಕ ಹಿಡಿದುಕೊಂಡು ಬಂದವರ ಹಾಗೆ.

ಮಾತ್ರೆ ಶುರುಮಾಡಿದ ನಾಲ್ಕನೆಯ ದಿನ ಅವಳು ಶಂಭುಲಿಂಗಯ್ಯನವರ ಕೊಬ್ಬರಿ ಮನೆಯಲ್ಲಿ ಕೂತಿದ್ದಳು. ಶಂಭುಲಿಂಗಯ್ಯ ಹೊನ್ನವಳ್ಳಿಯ ಹಳೆಯ ಕುಳ. ತೋಟವೂ ಇತ್ತು, ವ್ಯಾಪಾರವೂ ಇತ್ತು. ಹಣೆಗೆ ಮೂರು ಬೆರಳು ವಿಭೂತಿ ಬಳಿದು ಬೆಳಿಗ್ಗೆ ನಗುತ್ತಲೇ ಬರುವ ಮನುಷ್ಯ, ಎದುರಿನವರು ನಗುವ ಮೊದಲೇ ನಕ್ಕುಬಿಟ್ಟರೆ ಅರ್ಧ ವ್ಯಾಪಾರ ಮುಗಿದಂತೆ ಅಂತ ಬಲ್ಲವರು. ಅಂದು ಚಿಪ್ಪಿನ ಚೂರೊಂದು ಚಿಕ್ಕಗಂಗಮ್ಮನ ಎಡ ಹೆಬ್ಬೆರಳಿಗೆ ಗೀರಿತು. ಗೀರುವುದು ಹೊಸದಲ್ಲ. ಬಾಯಲ್ಲಿ ಇಟ್ಟುಕೊಂಡು ಚೀಪಿ, ಸೆರಗಿಗೆ ಒರೆಸಿ ಮುಂದಿನ ಕಾಯಿ ಎತ್ತಿಕೊಂಡಳು. ಅಷ್ಟಕ್ಕೇ ನಿಲ್ಲುತ್ತಿದ್ದ ರಕ್ತ ಅಂದು ನಿಲ್ಲಲಿಲ್ಲ. ಕೈಯಲ್ಲಿದ್ದ ಬಿಳಿಯ ಗಿಟುಕಿನ ಮೇಲೆ ಒಂದು ಕೆಂಪು ಬೊಟ್ಟು ಬಿತ್ತು.

"ಇದೇನು ಚಿಕ್ಕಗಂಗಮ್ಮ, ಕೊಬ್ಬರಿಗೆ ಕುಂಕುಮ ಇಟ್ಟಿದೀಯಾ? ಮದುವೆ ಮಾಡ್ತೀಯೇನು ಅದಕ್ಕೆ?" ಅಂದರು ಶಂಭುಲಿಂಗಯ್ಯ ನಗುತ್ತಲೇ. ನಗುತ್ತಲೇ ಆ ಗಿಟುಕನ್ನು ತೆಗೆದು ದೂರ ಇಟ್ಟರು. ದೇವರ ಮುಂದೆ ಇಡುವ ಸರಕು, ರಕ್ತ ಸೋಕಿದ್ದು ನಡೆಯುವುದಿಲ್ಲ. ನಲವತ್ತು ವರ್ಷದಲ್ಲಿ ಅವಳ ಕೈಯಿಂದ ಎಸೆಯುವ ಮಾಲು ಬಂದದ್ದು ಅದೇ ಮೊದಲು.

ಅಲ್ಲಿಂದ ಅವಳ ಲೆಕ್ಕಾಚಾರ ಶುರುವಾಯಿತು. ಮಾತ್ರೆ ಬಿಟ್ಟರೆ ಕೈ ಹೋಗುತ್ತದೆ. ಮಾತ್ರೆ ನುಂಗಿದರೆ ಕೈಗೆ ಹತ್ತಿದ ಹೆಸರು ಹೋಗುತ್ತದೆ. ಎರಡೂ ಉಳಿಯುವ ದಾರಿ ಯಾವುದು?

ಆ ದಾರಿ ತಿಪಟೂರು ಸೀಮೆಯವರಿಗೆ ಮಾತ್ರ ಹೊಳೆಯುವಂಥದು. ಇಲ್ಲಿ ಎಲ್ಲಕ್ಕೂ ಉತ್ತರ ಅಟ್ಟ. ಬೆಲೆ ಇಲ್ಲದಾಗ ಏರಿಸು, ಬೆಲೆ ಬಂದಾಗ ಇಳಿಸು. ಇಟ್ಟದ್ದು ಕೆಡುವುದಿಲ್ಲ, ಇಟ್ಟಷ್ಟೂ ಗಟ್ಟಿಯಾಗುತ್ತದೆ. ಕಾಯಿಗೆ ನಡೆಯುವ ನ್ಯಾಯ ಮೈಗೆ ಯಾಕೆ ನಡೆಯಬಾರದು? ಸೋಮವಾರ ಬಸವಣ್ಣನ ದಿನ, ಎತ್ತಿಗೂ ರಜೆ ಮಚ್ಚಿಗೂ ರಜೆ. ಸೋಮವಾರ ಬೆಳಿಗ್ಗೆ ಎರಡು ಮಾತ್ರೆ, ಸಂಜೆ ಎರಡು ಮಾತ್ರೆ ನುಂಗಿ ಮೈಯಲ್ಲಿ ದಾಸ್ತಾನು ಮಾಡಿಕೊಂಡರೆ ಕೆಲಸದ ದಿನಗಳಿಗೆ ಅದೇ ನಿಧಾನವಾಗಿ ಇಳಿದು ಬರುತ್ತದೆ. ಕೆಲಸದ ದಿನ ಮಾತ್ರೆಯೇ ಬೇಡ. ರಾತ್ರಿ ನುಂಗಿದರೂ ಬೆಳಿಗ್ಗೆ ಮಚ್ಚು ಹಿಡಿಯುವ ಹೊತ್ತಿಗೆ ಅದು ಒಳಗೇ ಇರುತ್ತದಲ್ಲ, ಅದೂ ಬೇಡ.

ಸೊಸೆ ಮಾತ್ರೆಯ ಖಾಲಿ ಪಟ್ಟಿ ನೋಡುತ್ತಾಳೆ ಅಂತ ಗೊತ್ತಿತ್ತು. ಅದಕ್ಕೆ ದಿನಾ ಎರಡು ಮಾತ್ರೆ ಪಟ್ಟಿಯಿಂದ ಒತ್ತಿ ತೆಗೆದು, ನುಂಗುವ ಬದಲು ಅಟ್ಟದ ಮೇಲೆ ಒಂದು ಕರಟದಲ್ಲಿ ಹಾಕಿಡುತ್ತಿದ್ದಳು. ಊರಿಗೆಲ್ಲ ಮಾತ್ರೆ ನುಂಗಿಸುವ ರಾಧಾಮಣಿಗೆ ತನ್ನ ತಲೆಯ ಮೇಲೇ ಒಂದು ಔಷಧಿ ಗೋದಾಮು ಎದ್ದಿರುವುದು ತಿಳಿಯಲಿಲ್ಲ. ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬಂದರೆ ಚಿಕ್ಕಗಂಗಮ್ಮನಿಗೆ ಸಮಾಧಾನ. ಪರವಾಗಿಲ್ಲ, ದಾಸ್ತಾನು ತುಂಬಿದೆ!

ಹೀಗೆ ಎರಡು ತಿಂಗಳು ನಡೆಯಿತು. ಆಮೇಲೆ ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಿಂದ ತಿಮ್ಮಕ್ಕ ಬಂದಳು.

ಇವಳಿಗೆ ನೆನಪಾಗದ ಒಂಬತ್ತು ಜನರಲ್ಲಿ ತಿಮ್ಮಕ್ಕನೇ ಮೊದಲನೆಯವಳು. ವಯಸ್ಸು ಅರವತ್ತೆಂಟು, ಗಂಟಲು ಹದಿನೆಂಟರದು. ಮಾರನೆಯ ದಿನದ ಹರಾಜಿಗೆ ಮಾಲು ಸಾಲದೆ ಶಂಭುಲಿಂಗಯ್ಯ ಅವಳನ್ನು ಕರೆಸಿದ್ದರು. ಕರೆಸಿದವರು ಸುಮ್ಮನಿರದೆ ಇಬ್ಬರನ್ನೂ ಎದುರುಬದುರು ಕೂರಿಸಿ, "ಇನ್ನೂರು ಇನ್ನೂರು ಕಾಯಿ. ಮೊದಲು ಮುಗಿಸಿದೋರಿಗೆ ಐದು ಲೀಟರಿನ ಕುಕ್ಕರ್. ಹೋಳಾದದ್ದು ಲೆಕ್ಕಕ್ಕಿಲ್ಲ, ಅದರ ಬದಲು ಬೇರೆ ಕಾಯಿ ತೆಗೀಬೇಕು" ಅಂದರು. ಒಂದೇ ಕೂಲಿಗೆ ಎರಡು ದಿನದ ಕೆಲಸ ತೆಗೆಯುವ ಉಪಾಯಕ್ಕೆ ಪಂದ್ಯ ಅಂತ ಹೆಸರು.

ಹೆಂಗಸರು ಸುತ್ತ ನೆರೆದರು. ಸಿಪ್ಪೆ ಸುಲಿಯುತ್ತಿದ್ದ ಗಂಡಸರು ಕೈ ಬಿಟ್ಟು ಬಂದರು. ಎರಡು ಮಚ್ಚೂ ಒಟ್ಟಿಗೆ ಎದ್ದವು.

"ದಂಡಿನಶಿವರದಾಗೆ ಕಾಯಿ ಅಂದ್ರೆ ಏನಂತ ಗೊತ್ತೇನೇ ತಿಮ್ಮಕ್ಕ, ಇಲ್ಲಾ ಬರೀ ರಾಗಿ ಬೀಸ್ಕಂಡು ಬಂದೆಯಾ?"

"ಗೊತ್ತು ಕಣೇ. ಹೊನ್ನವಳ್ಳಿಯೋರು ಅಲ್ಲಾಡ್ಸಿ ಅಲ್ಲಾಡ್ಸಿ ಬಿಸಾಕಿದ್ ಕಾಯಿನೆಲ್ಲ ನಾವೇ ಗಿಟುಕು ಮಾಡೋದು."

ಟಕ್ ಟಕ್ ಟಕ್, ಪಳ್. ಟಕ್ ಟಕ್ ಟಕ್, ಪಳ್. ಚಿಪ್ಪಿನ ಚೂರು ಮಳೆ ಹನಿಯ ಹಾಗೆ ಹಾರುತ್ತಿತ್ತು. ಐವತ್ತಕ್ಕೆ ಸರಿಸಮ. ತೊಂಬತ್ತಕ್ಕೆ ತಿಮ್ಮಕ್ಕ ಎರಡು ಮುಂದೆ. ನೂರಾ ಹತ್ತರಲ್ಲಿ ತಿಮ್ಮಕ್ಕನ ಒಂದು ಕಾಯಿ ಹೋಳಾಯಿತು, ಹೊನ್ನವಳ್ಳಿಯ ಕಡೆಯವರು ಹೋ ಅಂದರು. ಚಿಕ್ಕಗಂಗಮ್ಮನ ಕೈಗೆ ಕಾವು ಬಂದಿತ್ತು. ಕಾಯಿ ನೋಡುತ್ತಿರಲಿಲ್ಲ, ಕೈಯೇ ನೋಡಿಕೊಳ್ಳುತ್ತಿತ್ತು. ನೂರಾ ನಲವತ್ತು! ತಿಮ್ಮಕ್ಕನದು ನೂರಾ ಮೂವತ್ತನಾಲ್ಕು. ಶಂಭುಲಿಂಗಯ್ಯನವರ ಮುಖ ಅರಳಿ ಚೀಲದ ಬಾಯಿಯಾಗಿತ್ತು.

ನೂರಾ ನಲವತ್ತೊಂದನೆಯ ಕಾಯಿಗೆ ಮಚ್ಚು ಏಳಲಿಲ್ಲ.

ಚಿಕ್ಕಗಂಗಮ್ಮ ಕೈಯನ್ನು ನೋಡಿದಳು. ಕೈ ತೊಡೆಯ ಪಕ್ಕದಲ್ಲಿ ಬೇರೆ ಯಾರದ್ದೋ ಹಾಗೆ ಬಿದ್ದಿತ್ತು. ಮಚ್ಚು ಬೆರಳಿಂದ ಜಾರಿ ಚಿಪ್ಪಿನ ರಾಶಿಯ ಮೇಲೆ ಮಲಗಿತು. 'ಏಳು' ಅಂದಳು ಮನಸ್ಸಿನಲ್ಲಿ. ಏಳಲಿಲ್ಲ.

"ಯಾಕೇ, ಸುಸ್ತಾಯ್ತೇನೇ? ಕುಕ್ಕರ್ ನಂಗೇ ಅಂತ ಬರ್ಕೊಡ್ತೀಯಾ?" ಅಂದಳು ತಿಮ್ಮಕ್ಕ.

ಚಿಕ್ಕಗಂಗಮ್ಮನಿಗೆ ಉತ್ತರ ಸಿದ್ಧವಾಗಿತ್ತು, ಅದೂ ಒಳ್ಳೆಯ ಖಾರದ ಉತ್ತರ. ಬಾಯಿಂದ ಬಂದದ್ದು ಮಾತ್ರ ಬಿಸಿ ಮುದ್ದೆ ತುಂಬಿಕೊಂಡವರ ಗೊಣಗು. ಸುತ್ತಲಿದ್ದವರು ನಕ್ಕರು. ನಾಟಕ ಮಾಡ್ತಾಳೆ ಅಂದರು. ತಿಮ್ಮಕ್ಕನೂ ನಗಲು ಬಾಯಿ ತೆರೆದವಳು ಎದುರಿನ ಮುಖ ನೋಡಿ ಹಾಗೇ ನಿಂತಳು. ಚಿಕ್ಕಗಂಗಮ್ಮನ ಬಾಯಿಯ ಬಲತುದಿ ಕೆಳಗೆ ಜಾರಿತ್ತು.

ತಿಮ್ಮಕ್ಕ ಮಚ್ಚು ಎಸೆದು ಎದ್ದಳು. "ಎರಡೂ ಕೈ ಎತ್ತೇ. ಎತ್ತು ಅಂದೆ!"

ಎಡಗೈ ಎದ್ದಿತು.

"ಟೈಮ್ ಎಷ್ಟ್ರೀ ಶಂಭುಲಿಂಗಯ್ನೋರೇ? ನೆನಪಿಟ್ಕಳಿ. ಗಾಡಿ ತೆಗೀರಿ!"

"ಬಿಸಿ ಎಣ್ಣೆ ತಿಕ್ಕನ ತಡೀರಿ" ಅಂದಳು ಒಬ್ಬಳು. "ಲಕ್ವಕ್ಕೆ ಬೇರು ಕೊಡೋ ಅಯ್ನೋರು ಅವ್ರೆ, ಅಲ್ಲಿಗೆ ಕರ್ಕಂಡೋಗಿ" ಅಂದ ಇನ್ನೊಬ್ಬ. "ನೀರಾದ್ರೂ ಕುಡಿಸ್ರವ್ವ" ಅಂದಳು ಮತ್ತೊಬ್ಬಳು.

"ಯಾವನಾದ್ರೂ ಎಣ್ಣೆ ಅಂದ್ರೆ ಈ ಮಚ್ಚಲ್ಲೇ ಚಿಪ್ಪು ಬಿಡಿಸ್ತೀನಿ! ನೀರೂ ಬೇಡ, ಬೇರೂ ಬೇಡ. ತಿಪಟೂರಿಗೆ ನಡೀರಿ!" ಅಂದಳು ತಿಮ್ಮಕ್ಕ.

ಗಾಡಿ ಬಾಗಿಲಲ್ಲೇ ನಿಂತಿತ್ತು, ಹರಾಜಿನ ಚೀಲ ಹೇರಿಕೊಂಡು. ಶಂಭುಲಿಂಗಯ್ಯ ಚೀಲಗಳ ಕಡೆ ನೋಡಿದರು. ಒಂದು ಉಸಿರಿನಷ್ಟು ಹೊತ್ತು, ಅದಕ್ಕಿಂತ ಜಾಸ್ತಿಯಲ್ಲ. ಆಮೇಲೆ ತಾವೇ ಹಿಂದೆ ಹತ್ತಿ, ಅರವತ್ತು ವರ್ಷದಲ್ಲಿ ಒಂದು ಚೀಲವನ್ನೂ ಎತ್ತದವರು, ನಾಲ್ಕು ಚೀಲ ನೆಲಕ್ಕೆ ಉರುಳಿಸಿ ಜಾಗ ಮಾಡಿದರು. ಸುದ್ದಿ ಕೇಳಿ ಓಡಿ ಬಂದ ರಾಧಾಮಣಿ ಹಿಂದೆ ಹತ್ತಿ ಡಾಕ್ಟರಿಗೆ ಫೋನು ಹಚ್ಚಿದಳು. ಮುಂದೆ ಗಾಡಿ ಓಡಿಸುತ್ತಿದ್ದ ಶಂಭುಲಿಂಗಯ್ಯನವರ ಪಕ್ಕ ಚಿಕ್ಕಗಂಗಮ್ಮ, ಅವಳನ್ನು ತಬ್ಬಿ ಹಿಡಿದು ತಿಮ್ಮಕ್ಕ. ತೆಂಗಿನ ತೋಟಗಳು ಎರಡೂ ಬದಿಯಲ್ಲಿ ಹಿಂದಕ್ಕೆ ಓಡಿದವು. ಹಾರ್ನ್ ಒತ್ತಿದ ಕೈ ಶಂಭುಲಿಂಗಯ್ಯ ತೆಗೆಯಲೇ ಇಲ್ಲ. ಎದುರು ಬಂದ ಬಸ್ಸಿನವನು ಬೈದ. ಇವರೂ ಬೈದರು, ಹಣೆಯ ವಿಭೂತಿಗೆ ಹೊಂದದ ಭಾಷೆಯಲ್ಲಿ.

ಅರ್ಧ ದಾರಿಯಲ್ಲಿ ಚಿಕ್ಕಗಂಗಮ್ಮನ ಹೆಬ್ಬೆರಳು ಅಲ್ಲಾಡಿತು. ಆಮೇಲೆ ತೋರುಬೆರಳು. ಆಮೇಲೆ ಇಡೀ ಕೈ ಎದ್ದು ತಿಮ್ಮಕ್ಕನ ಸೆರಗು ಹಿಡಿಯಿತು.

"ಬಂತು!" ಅಂದಳು ಚಿಕ್ಕಗಂಗಮ್ಮ. ಮಾತೂ ಬಂದಿತ್ತು. "ಬಂತು ಕಣೇ, ಕೈ ಬಂತು! ಗಾಡಿ ತಿರುಗ್ಸಿ, ಅರವತ್ತೇ ಕಾಯಿ ಇರೋದು!"

"ತಿರುಗಿಸ್ಬೇಡಿ" ಅಂದಳು ತಿಮ್ಮಕ್ಕ. "ಬಂದಿದ್ದು ಹಂಗೇ ಹೋಯ್ತದೆ. ನಂಗೆ ಡಾಕ್ಟ್ರು ಹೇಳವ್ರೆ, ಸರಿ ಹೋದ್ರೂ ತೋರಿಸ್ಲೇಬೇಕು ಅಂತ."

"ನಿಂಗ್ಯಾಕೆ ಹೇಳಿದ್ರು ಡಾಕ್ಟ್ರು?"

ತಿಮ್ಮಕ್ಕ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಿಂದ ಒಂದು ಮಾತ್ರೆ ಪಟ್ಟಿ ಎತ್ತಿ ತೋರಿಸಿದಳು. ಅದೇ ಬಣ್ಣ, ಅದೇ ಪುಟ್ಟ ಗುಂಡು.

"ನಿಂಗೂವಾ?"

"ಮೂರು ವರ್ಸಾಯ್ತು. ನಂಗೂ ಎದೆ ಅಡ್ಡಾದಿಡ್ಡಿ ಓಡ್ತದೆ. ನೀನೂ ಇದನ್ನೇ ನುಂಗ್ತೀಯಾ? ನುಂಗ್ತಿದ್ರೆ ಇದು ಹೆಂಗಾಯ್ತೇ?"

ಚಿಕ್ಕಗಂಗಮ್ಮ ಕಿಟಕಿಯಾಚೆ ನೋಡಿದಳು. ಅಷ್ಟು ಹೊತ್ತಿಗೆ ತಿಪಟೂರು ಬಂದಿತ್ತು, ಉತ್ತರ ತಪ್ಪಿತು.

ಡಾಕ್ಟರಿಗೆ ಮಾತ್ರ ತಪ್ಪಿಸಲಾಗಲಿಲ್ಲ. ಸ್ಕ್ಯಾನಿನಲ್ಲಿ ಮೆದುಳು ಸ್ವಚ್ಛವಾಗಿತ್ತು, ರಕ್ತ ಸೋರಿರಲಿಲ್ಲ, ಯಾವ ಭಾಗವೂ ಸತ್ತಿರಲಿಲ್ಲ. ಚೂರೊಂದು ಸಿಕ್ಕಿಕೊಂಡು ತಾನಾಗಿ ಕರಗಿತ್ತು. ಗಿರಿಜಾಂಬಿಕಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದು ಎಚ್ಚರಿಕೆ. ಮುಂದಿನ ಸಲ ಎಚ್ಚರಿಕೆ ಇರಲ್ಲ. ಕೊನೇ ಮಾತ್ರೆ ಯಾವಾಗ ನುಂಗಿದ್ರಿ?" ಅಂದರು.

"ದಿನಾ ನುಂಗ್ತಾರೆ ಮೇಡಂ, ಪಟ್ಟಿ ನಾನೇ ನೋಡ್ತೀನಿ" ಅಂದಳು ರಾಧಾಮಣಿ.

ಚಿಕ್ಕಗಂಗಮ್ಮ ಬಲಗೈಯನ್ನು ನೋಡಿಕೊಂಡಳು. ಸೊಸೆಯ ಮುಂದೆ ಮಾನ ಹೋಗುತ್ತದೆ, ಎದುರಾಳಿಯ ಮುಂದೆ ಮಾನ ಹೋಗುತ್ತದೆ. ಆದರೆ ಒಂದೆರಡು ಗಂಟೆಯ ಹಿಂದೆ ಏಳು ಅಂದರೆ ಏಳದೆ ಬಿದ್ದಿದ್ದ ಕೈ ಅದು.

"ಸೋಮವಾರ" ಅಂದಳು. "ಇವತ್ತು ಶುಕ್ರವಾರ. ಸೋಮವಾರ ನಾಲ್ಕು ನುಂಗಿದ್ದೆ, ದಾಸ್ತಾನಿಗೆ. ಮಿಕ್ಕಿದ್ದೆಲ್ಲ ಅಟ್ಟದ ಮ್ಯಾಲೆ ಕರಟದಾಗೆ ಐತೆ." ಒಂದು ಸಲ ಬಾಯಿ ಬಿಟ್ಟ ಮೇಲೆ ಎಲ್ಲ ಬಂತು. ಮಚ್ಚು, ಕೆಂಪು ಬೊಟ್ಟು, ಒಸಡಿನ ರಕ್ತ.

ರಾಧಾಮಣಿಯ ಮುಖ ನೋಡುವ ಹಾಗಿರಲಿಲ್ಲ. "ನನ್ ತಲೆ ಮ್ಯಾಲೇನಾ ಅತ್ತೆ!" ಅಂದಳು ಅಷ್ಟೆ.

ಡಾಕ್ಟರಿಗೆ ಕೋಪಕ್ಕಿಂತ ಬೆರಗು ಹೆಚ್ಚಾದಂತಿತ್ತು. "ಅಮ್ಮ, ಇದು ಕಾಯಿ ಅಲ್ಲ. ಇದು ಹಾಲು. ಬೆಳಿಗ್ಗೆ ಕರೆದದ್ದು ಬೆಳಿಗ್ಗೆಗೆ, ಸಂಜೆ ಕರೆದದ್ದು ಸಂಜೆಗೆ. ನುಂಗಿದ ಮಾತ್ರೆ ಅರ್ಧ ದಿನಕ್ಕೆ ಅರ್ಧ ಇಳಿದುಹೋಗುತ್ತೆ, ಒಂದೆರಡು ದಿನ ಬಿಟ್ರೆ ಮೈಯಲ್ಲಿ ಏನೂ ಉಳಿಯಲ್ಲ. ಸೋಮವಾರ ನಾಲ್ಕು ನುಂಗಿದ ದಿನ ಒಳಗೇ ರಕ್ತ ಸೋರೋ ಅಪಾಯ, ಬುಧವಾರದಿಂದ ಹೆಪ್ಪಾಗೋ ಅಪಾಯ. ವಾರಾ ಪೂರ್ತಿ ನಷ್ಟದ ವ್ಯಾಪಾರ ಮಾಡಿದ್ದೀರಿ."

ನಷ್ಟದ ವ್ಯಾಪಾರ ಅನ್ನುವ ಮಾತು ನಾಟಿತು. ಬಾಗಿಲ ಹತ್ತಿರ ನಿಂತಿದ್ದ ಶಂಭುಲಿಂಗಯ್ಯನವರಿಗೂ ನಾಟಿತು.

"ಹಂಗಾದ್ರೆ ಮಚ್ಚು ಬುಡ್ಬೇಕಾ?" ಅಂದಳು ಚಿಕ್ಕಗಂಗಮ್ಮ.

ಡಾಕ್ಟರು ಉತ್ತರಿಸುವ ಮೊದಲೇ ತಿಮ್ಮಕ್ಕ ತನ್ನ ಎಡಗೈ ಚಾಚಿದಳು. ಬೆರಳುಗಳ ತುಂಬ ಗೆರೆ ಗೆರೆಯಾಗಿ ಹಳೆಯ ಗಾಯದ ಕಲೆ. "ನಾನ್ ಬುಟ್ಟಿದೀನಾ? ಮೂರು ವರ್ಸದಾಗೆ ಎಷ್ಟು ಸಲ ಕುಯ್ಕಂಡಿದೀನಿ ನೋಡು. ಒತ್ತಿ ಹಿಡ್ಕಬೇಕು ಕಣೇ. ನೀನು ಚೀಪಿ ಒರೆಸ್ಕಂಡ್ರೆ ಎಲ್ಲಿ ನಿಲ್ತದೆ?"

"ಅವರು ಹೇಳಿದ್ದೇ ಸರಿ" ಅಂದರು ಡಾಕ್ಟರು. "ಶುದ್ಧವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಹತ್ತು ನಿಮಿಷ ಒತ್ತಿ ಹಿಡೀಬೇಕು. ಮಧ್ಯೆ ಎತ್ತಿ ನೋಡಬಾರದು. ರಕ್ತ ನಿಲ್ಲುತ್ತೆ, ಸ್ವಲ್ಪ ನಿಧಾನ ಅಷ್ಟೆ. ಆಮೇಲೂ ನಿಲ್ಲದಿದ್ರೆ, ತಲೆಗೆ ಏಟು ಬಿದ್ರೆ, ಮಲ ಕಪ್ಪಗಾದ್ರೆ ಸೀದಾ ಇಲ್ಲಿಗೆ ಬನ್ನಿ. ಮೈಕೈ ನೋವಿನ ಮಾತ್ರೆ ಅಂಗಡಿಲಿ ತಗೊಂಡು ನುಂಗಬೇಡಿ. ಎಡಗೈಗೆ ಒಂದು ದಪ್ಪ ಕೈಗವಸು ಹಾಕ್ಕೊಳ್ಳಿ. ಒಂದು ತಿಂಗಳು ಸುಮ್ಮನಿರಿ, ನಾನು ನೋಡಿ ಹೇಳ್ತೀನಿ."

ಎರಡು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡು ಕಳಿಸಿದರು. ಮನೆಗೆ ಬಂದ ಕೂಡಲೇ ರಾಧಾಮಣಿ ಅಟ್ಟ ಹತ್ತಿ ಕರಟ ಇಳಿಸಿದಳು. ಎಪ್ಪತ್ತೆಂಟು ಮಾತ್ರೆ. ಹೊಗೆಗೂ ಶೆಕೆಗೂ ಬಣ್ಣ ತಿರುಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ತಿಪಟೂರು ಸೀಮೆಯ ಅಟ್ಟಗಳೆಲ್ಲ ಬಂಗಾರವಾದ ಆ ವರ್ಷ, ಅಟ್ಟದಲ್ಲೇ ಇದ್ದು ಹಾಳಾದ ದಾಸ್ತಾನು ಅದೊಂದೇ.

ಆ ಒಂದು ತಿಂಗಳು ಚಿಕ್ಕಗಂಗಮ್ಮ ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಬಾಯಿ ತೆರೆದು ಸೊಸೆಗೆ ನಾಲಿಗೆ ತೋರಿಸಬೇಕಾಯಿತು. ಹೊರಗಿನಿಂದ ಟಕ್ ಟಕ್ ಸದ್ದು ಕೇಳಿದಾಗಲೆಲ್ಲ ಬಲಗೈ ತಾನಾಗಿ ಏಳುತ್ತಿತ್ತು. ಮೂವತ್ತನೆಯ ದಿನ ಡಾಕ್ಟರು ಕೈ ಹಿಡಿದು ಒತ್ತಿಸಿ ನೋಡಿ, ಹೋಗಿ ಅಂದರು.

ಕೊಬ್ಬರಿ ಮನೆಗೆ ಹೋದರೆ ಅಲ್ಲಿ ತಿಮ್ಮಕ್ಕ ಕೂತಿದ್ದಾಳೆ. ಎದುರಿಗೆ ಒಂದು ಗುಡ್ಡೆ, ಈಚೆಗೆ ಒಂದು ಗುಡ್ಡೆ.

"ನಿನ್ನ ಅರವತ್ತು ಕಾಯಿ ಹಂಗೇ ಐತೆ. ನನ್ನ ಅರವತ್ತಾರೂ ಹಂಗೇ ಐತೆ. ಇವ್ರಿಗೆ ಮುಟ್ಟಕ್ ಬುಟ್ಟಿಲ್ಲ" ಅಂದಳು ತಿಮ್ಮಕ್ಕ, ಶಂಭುಲಿಂಗಯ್ಯನವರ ಕಡೆ ಗಲ್ಲ ತಿರುಗಿಸಿ. ನೂರಿಪ್ಪತ್ತಾರು ಕಾಯಿ ಒಂದು ತಿಂಗಳು ನೆಲದ ಮೇಲೆ ಸುಮ್ಮನೆ ಕೂತಿದ್ದನ್ನು ಅವರು ಹೇಗೆ ಸಹಿಸಿಕೊಂಡರೋ ಆ ಶಿವನಿಗೇ ಗೊತ್ತು. ಬೆಲೆ ಇನ್ನೂ ಏರಿದ್ದರಿಂದ ಸಹಿಸಿಕೊಂಡರು ಅಂತಲೂ ಹೇಳುವವರಿದ್ದಾರೆ.

ಎಂಟು ಗಂಟೆ. ಚಿಕ್ಕಗಂಗಮ್ಮ ಎಲ್ಲರೆದುರು ಮಾತ್ರೆ ಬಾಯಿಗೆ ಹಾಕಿಕೊಂಡು ಮಜ್ಜಿಗೆ ಕುಡಿದಳು. ತಿಮ್ಮಕ್ಕನೂ ಕುಡಿದಳು. ಎಡಗೈಗೆ ಕೈಗವಸು ಏರಿತು. ಮಚ್ಚುಗಳು ಎದ್ದವು.

ಮೊದಲ ಕಾಯಿಗೆ ಕೈ ಅಳುಕಿತು, ಏಟು ಅಡ್ಡ ಬಿದ್ದು ಹೋಳಾಯಿತು. ಎರಡನೆಯದಕ್ಕೆ ಕಿವಿಯ ಹತ್ತಿರ ಹಿಡಿದಳು. ಗಟಗಟ. ಮೂರು ಏಟು. ಇಡೀ ಉಂಡೆ ಅಂಗೈಗೆ ಬಂದು ಕೂತಿತು. ಆಮೇಲೆ ಅವಳನ್ನು ಯಾರೂ ಹಿಡಿಯಲಾಗಲಿಲ್ಲ. ಹತ್ತು, ಇಪ್ಪತ್ತು, ಮೂವತ್ತು! ನಲವತ್ತೊಂದರಲ್ಲಿ ಮಚ್ಚಿನ ತುದಿ ಕೈಗವಸು ಮುಗಿಯುವಲ್ಲಿ ಮಣಿಕಟ್ಟಿನ ಹತ್ತಿರ ಗೀರಿತು. ಕೆಂಪು ಉಕ್ಕಿತು.

ಚಿಕ್ಕಗಂಗಮ್ಮ ಅಭ್ಯಾಸಬಲದಿಂದ ಕೈಯನ್ನು ಬಾಯಿಯ ಕಡೆ ಒಯ್ದವಳು ನಡುವೆಯೇ ನಿಲ್ಲಿಸಿ, ಮಡಿಲಲ್ಲಿದ್ದ ಒಗೆದ ಬಟ್ಟೆ ಎಳೆದು ಗಟ್ಟಿಯಾಗಿ ಒತ್ತಿಕೊಂಡಳು.

"ಹತ್ತು ನಿಮಿಷ" ಅಂದಳು ರಾಧಾಮಣಿ ಫೋನಿನಲ್ಲಿ ಟೈಮ್ ಹಾಕಿ.

ತಿಮ್ಮಕ್ಕ ಮಚ್ಚು ಕೆಳಗಿಟ್ಟು ಎಲೆಗೆ ಸುಣ್ಣ ಹಚ್ಚತೊಡಗಿದಳು.

"ನೀನ್ಯಾಕೆ ನಿಲ್ಲಿಸ್ದೆ? ಹೊಡಿ" ಅಂದಳು ಚಿಕ್ಕಗಂಗಮ್ಮ.

"ಕಟ್ ಹಾಕಿರೋ ಹೋರಿ ಮುಂದೆ ಓಡಿ ಗೆದ್ದೆ ಅಂದ್ರೆ ದಂಡಿನಶಿವರದಾಗೆ ಯಾವಳೇ ನಂಬ್ತಾಳೆ? ಒತ್ಕ, ಒತ್ಕ."

"ಹತ್ತು ನಿಮಿಷ, ಎರಡು ಮಚ್ಚು" ಅಂತ ಶಂಭುಲಿಂಗಯ್ಯ ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟರು.

ನಾಲ್ಕನೆಯ ನಿಮಿಷಕ್ಕೆ ಚಿಕ್ಕಗಂಗಮ್ಮ ಬಟ್ಟೆಯ ಅಂಚು ಎತ್ತಲು ಹೋದಳು. ರಾಧಾಮಣಿ ಕೈಗೆ ಪಟ್ ಅಂತ ಹೊಡೆದಳು. ಅತ್ತೆಗೆ ಹೊಡೆದ ಸೊಸೆಯನ್ನು ನೋಡಿ ಹೊನ್ನವಳ್ಳಿ ಚಪ್ಪಾಳೆ ತಟ್ಟಿದ್ದು ಇತಿಹಾಸದಲ್ಲಿ ಅದೊಂದೇ ಸಲ. ಏಳು. ಎಂಟು. ಒಂಬತ್ತು. ಹತ್ತು.

ಬಟ್ಟೆ ಎತ್ತಿದರು. ಒಂದು ಕೆಂಪು ಗೆರೆ, ಅಷ್ಟೆ. ಹನಿ ಬರಲಿಲ್ಲ. ಎಲ್ಲರೂ ಬಗ್ಗಿ ನೋಡಿದರು, ಆಗಲೂ ಬರಲಿಲ್ಲ.

"ನಿಂತೋಯ್ತು!" ಅಂತ ಶಂಭುಲಿಂಗಯ್ಯ ಕೂಗಿದ ಕೂಗು ಹರಾಜಿನಲ್ಲೂ ಅವರ ಬಾಯಿಂದ ಬಂದದ್ದಿಲ್ಲ.

ಗಾಯಕ್ಕೆ ಪಟ್ಟಿ ಸುತ್ತಿದ್ದೇ ತಡ ಮಚ್ಚುಗಳು ಮತ್ತೆ ಎದ್ದವು. ಕೊನೆಯ ಹತ್ತಕ್ಕೆ ಜನ ಒಂದೊಂದನ್ನೂ ಕೂಗಿ ಎಣಿಸಿದರು. ತಿಮ್ಮಕ್ಕ ಬೆನ್ನು ಹತ್ತಿ ಬಂದಳು, ಸಮಕ್ಕೆ ಬಂದಳು, ಮೂರು ಏಟು ಮೊದಲು ತನ್ನ ಇನ್ನೂರನೆಯ ಗಿಟುಕನ್ನು ಎತ್ತಿ ಹಿಡಿದು ಎದ್ದು ನಿಂತಳು. ಚಿಕ್ಕಗಂಗಮ್ಮ ತನ್ನದನ್ನು ಮುಗಿಸಿ, ಎದ್ದು, ತಿಮ್ಮಕ್ಕನ ಕೈಯಿಂದ ಆ ಗಿಟುಕನ್ನು ಕಿತ್ತುಕೊಂಡು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲಾದರೂ ಒಂದು ಕೂದಲಷ್ಟು ಬಿರುಕು ಸಿಗುತ್ತದೇನೋ ಅಂತ. ಸಿಗಲಿಲ್ಲ.

"ತಗಂಡೋಗು ನಿನ್ ಕುಕ್ಕರ್ನ" ಅಂದಳು. "ವಿಷಲ್ ಬರಾಕಿಲ್ಲ ಅದ್ರಾಗೆ, ನಾನು ನೋಡಿದೀನಿ."

ಈಗ ದಿನಾ ಸಂಜೆ ಎಂಟಕ್ಕೆ ಹೊನ್ನವಳ್ಳಿಯಲ್ಲಿ ಒಂದು ಫೋನು ರಿಂಗಾಗುತ್ತದೆ. ಚಿಕ್ಕಗಂಗಮ್ಮ ಎತ್ತಿ ಹಲೋ ಅನ್ನುವ ಮೊದಲೇ ದಂಡಿನಶಿವರದ ಗಂಟಲು ಬರುತ್ತದೆ.

"ನುಂಗಿದ್ಯೇನೇ?"

"ನುಂಗ್ದೆ. ನೀನು?"

"ಬಾಯಾಗೈತೆ. ಮರೆತ್ಬುಟ್ಟು ಮಲಿಕ್ಕಂಡೀಯ, ಮುಂದಿನ ಸುಗ್ಗಿಗೆ ನಾನ್ ಯಾರನ್ನ ಸೋಲಿಸ್ಲಿ?"

"ಸೋಲಿಸ್ತಾಳಂತೆ. ಮೊದ್ಲು ನೀರ್ ಕುಡಿ, ಗಂಟಲಾಗೆ ಸಿಕ್ಕಂಡಾತು" ಅಂದು ಚಿಕ್ಕಗಂಗಮ್ಮ ಫೋನು ಇಡುತ್ತಾಳೆ, ಬಲಗೈಯಲ್ಲಿ.